ಕೆರೆದಿಟ್ಟ ಸಮುದ್ರ

ಓಸ್ಟೆಂಡಿನ ಮೀನುಪೇಟೆಯ ಹಿಂದೆ, ಮೂರನೇ ಮಹಡಿ,
ವಾಯವ್ಯಕ್ಕೆ ಒಂದೇ ಕಿಟಕಿ.
ನಾನು ಹೋದದ್ದು ಕೊಂಡಿ ಕಳಚಿದ ಸರ ಸರಿಮಾಡಿಸಲು,
ಅರ್ಧ ಗಂಟೆಯ ಕೆಲಸವೆಂದುಕೊಂಡು.
ಲುಟ್ಗಾರ್ಟ್ ಫರ್‌ಹುಲ್ಸ್ಟ್ ಕನ್ನಡಕದ ಮೇಲಿಂದ ನೋಡಿ
‘ಪೊರಕೆ ಅಲ್ಲಿದೆ’ ಅಂದಳು.
ಹನ್ನೊಂದು ವರ್ಷ ಗುಡಿಸಿದೆ.

ಅಲ್ಲಿ ಕಸಕ್ಕೂ ಬೆಲೆ.
ಅರದ ಹಲ್ಲಿಂದ ಉದುರಿದ ಬೆಳ್ಳಿಹುಡಿ
ತೊಡೆಗೆ ಹಾಸಿದ ತೊಗಲಲ್ಲಿ, ಹಲಗೆಯ ಸಂದಿಯಲ್ಲಿ,
ನನ್ನ ಬೂಟಿನ ಅಟ್ಟೆಯಲ್ಲಿ.
ವರ್ಷಕ್ಕೊಮ್ಮೆ ಎಲ್ಲ ಸುಟ್ಟು, ಬಿಳಿಗಾರ ಹಾಕಿ ಕರಗಿಸಿದರೆ
ಮೂಸೆಯ ತಳದಲ್ಲಿ ಒಂದು ಹಲ್ಲಿನಷ್ಟು ಬೆಳ್ಳಿ.
ಅದನ್ನು ಮಾರಿ ಡಿಸೆಂಬರಿಗೊಂದು ಮೊಲ ತರುತ್ತಿದ್ದೆವು,
ಕಪ್ಪು ಬಿಯರಿನಲ್ಲಿ ಬೇಯಿಸಲು.

ಅವಳಪ್ಪ ನೈಲೆನ್ ಊರಿನ ಸಾಣೆಗಾರ.
ಹಿತ್ತಿಲ ಕೋಣೆಯಲ್ಲಿ ತಿರುಗುವ ಕಬ್ಬಿಣದ ತಟ್ಟೆ,
ಎಣ್ಣೆ, ವಜ್ರ ಕೊರೆಯಲು ವಜ್ರದ್ದೇ ಹುಡಿ.
ಐವತ್ತೇಳು ಮುಖ ತಿದ್ದಿ ಕಳಿಸಿದ ಕಲ್ಲುಗಳಿಗೆ ಲೆಕ್ಕವಿಲ್ಲ;
ಹೆಂಡತಿಯ ಬೆರಳಿಗೆ ಹಿತ್ತಾಳೆ.
ಒಮ್ಮೆ ಗುಲಗಂಜಿಗಿಂತ ಚಿಕ್ಕದೊಂದು ಸಿಡಿದು ಹೋಗಿ
ಇಡೀ ಮನೆ ಮೂರು ದಿನ ಮಂಡಿಯೂರಿ ಹುಡುಕಿತಂತೆ.
ಸಿಕ್ಕಿದ್ದು ಕೋಳಿಯ ಹೊಟ್ಟೆಯಲ್ಲಿ.
‘ಅವತ್ತಿನ ಸಾರು ಚೆನ್ನಾಗಿತ್ತು’ ಅನ್ನುವಳು, ನಗದೆ.

ಹೊಟ್ಟೆಗೆ ಒಡವೆ ಮಾಡಿದಳು.
ಉಳಿದ ಹೊತ್ತಿಗೆ ಚಿತ್ರ,
ಒಂದೇ ಚಿತ್ರ, ಕಿಟಕಿಯಾಚೆಯ ಸಮುದ್ರ.
ನೀಲಿಯ ಮಾತೇ ಬೇಡ.
ಸೀಸ, ಸತು, ಕಲಾಯಿ ಹೋದ ಪಾತ್ರೆ,
ಹೆರಿಂಗ್ ಮೀನಿನ ಬೆನ್ನು, ಬೆನ್ನಿಗಿಂತ ಸ್ವಲ್ಪ ಕೆಳಗೆ.
ಬೆಳಗಿಂದ ಹಚ್ಚಿದ್ದನ್ನು ದೀಪ ಹಚ್ಚುವ ಮೊದಲು
ಚೂರಿಯಲ್ಲಿ ಕೆರೆದುಬಿಡುವಳು.
‘ಇದಲ್ಲ.’
ಕೆರೆದದ್ದನ್ನು ಓಕ್ ಹಲಗೆಯ ಮೂಲೆಗೆ ಒರೆಸಿ, ಕೈ ತೊಳೆದು,
ಆಲೂಗಡ್ಡೆ ಸುಲಿಯಲು ಕೂರುವಳು.
ನಾಳೆ ಮತ್ತೆ.
ಮೂಲೆಯ ಗುಡ್ಡೆ ಮುಷ್ಟಿಯಾಯಿತು, ರೊಟ್ಟಿಯಾಯಿತು,
ಮಗುವಿನ ತಲೆಯಾಯಿತು.

ಬ್ರಸೆಲ್ಸಿನಿಂದ ಬಂದ ಗ್ಯಾಲರಿಯವನೊಬ್ಬ
ಬರಿದಾದ ಕ್ಯಾನ್ವಾಸ್ ನೋಡಿ, ಚಿತ್ರಗಳೆಲ್ಲಿ ಎಂದ.
ಕಿಟಕಿ ತೋರಿಸಿದಳು.
ಹೆಂಡತಿಗೊಂದು ಜೊತೆ ಓಲೆ ಕೊಂಡು ಹೋದ,
ಚೌಕಾಸಿ ಮಾಡಿ.

ಕೈ ನಡುಗತೊಡಗಿದ ವರ್ಷ
ಗರಗಸ ತಾ ಎಂದಳು.
ಹಲಗೆ ಒಲೆಗೆ ಹೋಗುತ್ತದೆಂದುಕೊಂಡೆ.
ಗುಡ್ಡೆಯನ್ನೇ ಕೊಯ್ಯಿಸಿದಳು, ನಿಧಾನ, ನೀರು ಬಿಟ್ಟು.
ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ
ಬೂದು, ಬೂದಿಯ ಮೇಲೆ ಇನ್ನೊಂದು ಬೂದು,
ಮೂವತ್ತೆಂಟು ವರ್ಷದ ಸಂಜೆಗಳು ಒಂದರ ಮೇಲೊಂದು ಮಲಗಿದ್ದವು.
ಉಗುರಿಟ್ಟು ಓದಿದಳು:
‘ಇದು ಅಮ್ಮ ಹೋದ ಫೆಬ್ರವರಿ.
ಇದು ಕಲ್ಲಿದ್ದಲು ಸಿಗದ ಚಳಿ.
ಈ ಹಸಿರು ಯಾಕೋ, ನೆನಪಿಲ್ಲ.’
ನಡುವೆ ಒಂದು ಕೆಂಪು ಗೆರೆ, ಕೂದಲೆಳೆ.
ಇದು?
‘ಒಂದು ದೋಣಿ ಬಂದಿತ್ತು.
ಎರಡು ದಿನ ಇತ್ತು.’
ಮುಂದೆ ಕೇಳಲಿಲ್ಲ. ನೀರು ಬಿಡು ಎಂದಳು.

ಅಪ್ಪನ ತಟ್ಟೆಯ ಮೇಲೆ ಬಟ್ಟೆ ಸುತ್ತಿ ಉಜ್ಜಿದೆವು.
ಬೆಳ್ಳಿಯ ಮನೆ ಕಟ್ಟಿದ್ದು ನಾನು;
ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು,
ಅವಳ ನಡುಕ ನನ್ನ ಕೈಯಲ್ಲಿ ಬಂದು ನಿಲ್ಲುತ್ತಿತ್ತು.
‘ವಜ್ರವೆಂದು ಕೂರಿಸು. ಕರುಣೆಯಿಂದ ಬೇಡ.’
ಇಪ್ಪತ್ತಮೂರು ಪದಕ.
ಯಾವ ಗಣಿಯದು ಎಂದು ಕೇಳಿದವರಿಗೆ
‘ಮೂರನೇ ಮಹಡಿ’ ಅಂದಳು. ನಂಬಿದರು.

ಕೆಂಪು ಗೆರೆಯ ತುಂಡು ಯಾರ ಪಾಲಾಯಿತೋ,
ಬಿಲ್ಲಿನ ಪುಸ್ತಕದಲ್ಲಿ ಹೆಸರಿಲ್ಲ.
ನನಗೆ ಉಳಿದದ್ದು ಅಂಚಿನ ಚೂರು, ಬರೀ ಬೂದು,
ಬಹುಶಃ ಯಾವುದೋ ಮಂಗಳವಾರ.

ಮೊನ್ನೆ ಜುಲೈನ ಬಿಸಿಲಿಗೆ, ಕಡಲಂಚಿನ ಟ್ರಾಮಿನಲ್ಲಿ,
ಎದೆಯ ಮೇಲಿಂದ ಅಗಸೆ ಎಣ್ಣೆಯ ವಾಸನೆ ಬಂತು.
ಪಕ್ಕದ ಹುಡುಗ ಮೂಗು ಅರಳಿಸಿ ಸುತ್ತ ನೋಡಿದ.
ಮುಟ್ಟಿದೆ. ಉಗುರಿನ ಗುರುತು ಮೂಡಿತು.
ಒಳಗಿನ್ನೂ ಒಣಗಿಲ್ಲ.
ಅಂಗಿಗೆ ಹತ್ತಿದ ಕಲೆ
ಎರಡು ಸಲ ಒಗೆದೆ.